ಕೇಬಲ್ ಕಾವಲು

ಶಿವಯೋಗೀಶ ಥಿಯೇಟರಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದಿದ್ದರೆ ಅವನ ಸಂಸಾರ ಸುಖವಾಗಿಯೇ ಸಾಗುತ್ತಿತ್ತು.

ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಕಳ್ಳತನದ ಇಂಗ್ಲಿಷ್ ಸಿನೆಮಾ ಎಂದರೆ ಪ್ರಾಣ. ಕಾಲೇಜಿನ ದಿನಗಳಲ್ಲಿ ಅವನ ನಿದ್ದೆ ಕೆಡಿಸಿದ್ದ ಹಳೆಯ ಚಿತ್ರವೊಂದು ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಗೆ ಮತ್ತೆ ಬಂದಿತ್ತು. ಕಳ್ಳರ ಗುಂಪೊಂದು ಶ್ರೀಮಂತರ ದೊಡ್ಡ ಕಟ್ಟಡ ದೋಚಲು ಸಂಚು ಹೂಡುತ್ತದೆ. ಅವರು ಕೆಮ್ಮಿದರೂ ಸೀನಿದರೂ ಎಲ್ಲೋ ಕುಳಿತ ಯಾರೋ ಅದನ್ನು ಯಂತ್ರದಲ್ಲಿ ಹಿಡಿದಿಡುತ್ತಿರುತ್ತಾರೆ. ಪಾಪ, ಕಳ್ಳರಿಗೆ ಮಾತ್ರ ಅದು ಗೊತ್ತಿಲ್ಲ.

ಹೆಂಡತಿ ಆರತಿಗೆ ಇಂಥ ಸಿನೆಮಾ ಕಂಡರೆ ಆಗದು. ಆದ್ದರಿಂದ ರವಿವಾರ ಬೆಳಿಗ್ಗೆ ಶಿವಯೋಗೀಶ, ಉಪ್ಪಿನಬೆಟಗೇರಿಯ ಬಸಣ್ಣಕಾಕಾ ಹಾಸಿಗೆ ಹಿಡಿದಿದ್ದಾನೆ, ಮುಖ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಧಾರವಾಡದ ಮಾಳಮಡ್ಡಿಯ ಮನೆಯಿಂದ ಹೊರಬಿದ್ದು, ಸೀದಾ ಹುಬ್ಬಳ್ಳಿಯ ಬಸ್ಸು ಹತ್ತಿದ. ರೋಗಿಗೆಂದು ಆರತಿ ಕಟ್ಟಿಕೊಟ್ಟಿದ್ದ ಬಾಳೆಹಣ್ಣುಗಳನ್ನು ಇಂಟರ್‌ವಲ್ಲಿನಲ್ಲಿ ತಾನೇ ತಿಂದು ಮುಗಿಸಿದ.

ಸಿನೆಮಾ ಬಿಟ್ಟಾಗ ಬಾಗಿಲಲ್ಲಿ ಒಬ್ಬಾಕೆ ಮೈಕು ಹಿಡಿದು ಚಿತ್ರ ಹೇಗಿತ್ತು ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಅವನು ಕೈ ಬೀಸಿದ, ಕಣ್ಣರಳಿಸಿದ, ಗಂಟಲು ಒಣಗುವವರೆಗೂ ಮಾತಾಡಿದ. ಮುಗಿದ ಮೇಲೆ ನೋಡಿದರೆ ಆಕೆಯ ಬೆನ್ನ ಹಿಂದೆ ಕ್ಯಾಮೆರಾ. ಅವಳಿ ನಗರದ ಕೇಬಲ್ ಚಾನೆಲ್ಲಿನವರು, ಈವತ್ತೇ ಸಂಜೆ ತೋರಿಸುತ್ತೇವೆ ಎಂದು ಆಕೆ ನಗುತ್ತ ಹೇಳಿದಳು. ನಳದ ನೀರು ಯಾವಾಗ ಬಿಡುತ್ತಾರೆ, ಊರಲ್ಲಿ ಯಾರು ಸತ್ತರು ಎಂಬುದೆಲ್ಲ ಮಾಳಮಡ್ಡಿಗೆ ತಿಳಿಯುತ್ತಿದ್ದದ್ದೇ ಆ ಚಾನೆಲ್ಲಿನ ಸಂಜೆಯ ಕಾರ್ಯಕ್ರಮದಿಂದ. ಆರತಿ ಅದನ್ನು ತಪ್ಪಿಸಿದ್ದೇ ಇಲ್ಲ.

ಬಸ್ಸಿನಲ್ಲಿ ಶಿವಯೋಗೀಶ ಮಗ್ಗದ ಲಾಳಿಯಂತೆ ಅತ್ತಿತ್ತ ಓಲಾಡುತ್ತ ಯೋಚಿಸಿದ. ಸಿನೆಮಾದ ಕಳ್ಳರ ನಾಯಕ ಇಂಥ ಹೊತ್ತಿನಲ್ಲಿ ಬೆವರುತ್ತಿರಲಿಲ್ಲ. ಮಿಸ್ತ್ರಿಯ ವೇಷ ಹಾಕಿ, ಹೆಗಲಿಗೆ ವೈರಿನ ಸುರುಳಿ ಏರಿಸಿ, ಮುಂಬಾಗಿಲಿನಿಂದಲೇ ನಡೆದು ಮಾಳಿಗೆ ಹತ್ತಿಬಿಟ್ಟಿದ್ದ.

ಧಾರವಾಡ ಮುಟ್ಟಿದವನೇ ಹಿತ್ತಲಿನಿಂದ ಬೆಕ್ಕಿನಂತೆ ಒಳಹೊಕ್ಕು ಸ್ಕ್ರೂಡ್ರೈವರು, ಹಳೆಯ ವೈರು, ಏಣಿ ಎಲ್ಲ ಹೊರತೆಗೆದ. ಓಣಿಗೆಲ್ಲ ಕೇಬಲ್ ಹಂಚುವ ಡಬ್ಬಿ ಇದ್ದದ್ದು ಪಕ್ಕದ ಮನೆಯ ಸಾವಂತ್ರೆವ್ವನ ಮಾಳಿಗೆಯ ಮೇಲೆ. ಏಣಿ ಆನಿಸಿ ಹತ್ತಿದರೆ, ಅಜ್ಜಿ ಅಲ್ಲೇ ಕುಳಿತು ಒಣಗಿದ ಸಂಡಿಗೆ ಎತ್ತುತ್ತಿದ್ದಳು.

“ಏನಪಾ ಶಿವಯೋಗಿ, ಕೇಬಲ್ ಕೆಲಸ ಯಾವಾಗ ಹಿಡದಿ?”

“ಚಿತ್ರ ಬರೋಬ್ಬರಿ ಬರವಲ್ದು ಆಯಿ. ನೋಡಾಕ ಬಂದೇನಿ.”

“ನಮ್ಮನ್ಯಾಗೂ ಹಂಗ ಐತಿ. ದೇವರಿಗೆ ಎರಡೆರಡ ಮೂಗ ಕಾಣತಾವ. ಅದನ್ನೂ ಒಂಚೂರು ನೋಡು,” ಎಂದು ಆಕೆ ಅವನ ಮಗ್ಗುಲಲ್ಲೇ ಬಂದು ನಿಂತಳು.

ಆಕೆಯನ್ನು ಕೆಳಗೆ ಕಳಿಸಲು ಅವನು ನೀರು ಕೇಳಿದ. ತಂಬಿಗೆ ಅಲ್ಲೇ ಇತ್ತು. ಚಹಾ ಕೇಳಿದ. ಮನೆಯಲ್ಲಿ ಹಾಲು ಮುಗಿದಿತ್ತು. ಕೆಳಗಿನ ಮನೆಗಳಿಂದ ಕಾರ್ಯಕ್ರಮದ ಸಂಗೀತ ಕೇಳಿಸಿದಾಗ ಗಾಬರಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟ. ಕಾಲ ಕೆಳಗೆ ಸಂಡಿಗೆ ದೀಪಾವಳಿಯ ಪಟಾಕಿಯಂತೆ ಚಟಚಟ ಎಂದವು. ಆಕೆ ಲಬೋ ಎನ್ನುತ್ತ ಅವುಗಳ ಕಡೆ ಬಗ್ಗಿದ್ದೇ ತಡ, ಶಿವಯೋಗೀಶ ಡಬ್ಬಿಯ ವೈರು ಕಿತ್ತ. ಕರೆಂಟು ಹೋದ ಮದುವೆ ಮನೆಯಂತೆ ಇಡೀ ಓಣಿ ಒಮ್ಮೆಲೇ ‘ಹೋ’ ಎಂದಿತು.

ಗೆದ್ದ ಖುಷಿಯಲ್ಲಿ ಕೆಳಗಿಳಿದು ಬಂದರೆ ಅಂಗಳದಲ್ಲಿ ಹೆಂಗಸರು ಗುಂಪುಗೂಡಿದ್ದರು. ನಡುವೆ ಆರತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಹಿಳಾ ಮಂಡಳದ ಹೋಳಿಗೆ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತಂತೆ. ಚಾನೆಲ್ಲಿನವರು ಅದನ್ನು ಚಿತ್ರೀಕರಿಸಿದ್ದರಂತೆ. ಇಂದಿನ ಕಾರ್ಯಕ್ರಮದಲ್ಲಿ ಬರಲಿದೆ ಎಂದು ಓಣಿಗೆಲ್ಲ ಗೊತ್ತಿತ್ತು, ಗಂಡನೊಬ್ಬನನ್ನು ಬಿಟ್ಟು.

“ನಿಮಗ ಒಮ್ಮೆಲೇ ತೋರಸಬೇಕಂತ ಮಾಡಿದ್ದೆರಿ,” ಎಂದಳು ಆರತಿ. “ಲಗ್ನಾದಾಗಿಂದ ನಾ ಏನರ ಗೆದ್ದದ್ದು ಇದೊಂದ.”

ಶಿವಯೋಗೀಶ ವೈರು ಸಿಕ್ಕಿಸಿ ಬರೋಣವೆಂದು ಮತ್ತೆ ಏಣಿಯ ಕಡೆ ತಿರುಗುವಷ್ಟರಲ್ಲಿ ಕೇಬಲ್ ಖಾದರಬಾಷಾ ಲೂನಾ ಹೊಡೆದುಕೊಂಡು ಬಂದ. ಹತ್ತಿ, ನೋಡಿ, ವೈರು ಕೂಡಿಸಿ ಇಳಿಯುವಾಗ ಅವನ ಮುಖ ಗಂಟಿಕ್ಕಿತ್ತು. ಆ ಹೊತ್ತಿಗೆ ಕಾರ್ಯಕ್ರಮ ಮುಗಿದೇ ಹೋಗಿತ್ತು.

“ಇದು ತಾನ ಬಿಚ್ಚಿದ್ದಲ್ರಿ. ಬೇಕಂತ ಕಿತ್ತಾರ,” ಎಂದ ಖಾದರಬಾಷಾ. ತನ್ನ ಗಿರಾಕಿಗಳನ್ನು ಸೆಳೆಯಲು ನೋಡುತ್ತಿದ್ದ ಇನ್ನೊಬ್ಬ ಕೇಬಲಿನವನ ಮೇಲೆ ಅವನಿಗೆ ಗುಮಾನಿ. ಸಾವಂತ್ರೆವ್ವ ಮುಂದೆ ಬಂದು ಸಾಕ್ಷಿ ನುಡಿದಳು. ಕೇಬಲ್ ಹೋಗುವುದಕ್ಕಿಂತ ಮೊದಲೇ ಶಿವಯೋಗಿ ರಿಪೇರಿಗೆ ಹತ್ತಿದ್ದನಂತೆ, ಅಂಥ ಕಾಳಜಿಯ ಹುಡುಗ. ಈ ಮಾತು ಯಾರಿಗೂ ವಿಚಿತ್ರ ಅನಿಸಲಿಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೆಂಗಸರು ಆರತಿಗೆ ಸಮಾಧಾನ ಹೇಳಿದರು.

ಖಾದರಬಾಷಾ ಚಾನೆಲ್ಲಿನವರಿಗೆ ಫೋನು ಹಚ್ಚಿ, ನಗುಮುಖ ಮಾಡಿಕೊಂಡು ಬಂದ. ನಾಳೆ ಬೆಳಿಗ್ಗೆ ಇಡೀ ಕಾರ್ಯಕ್ರಮವನ್ನು ಮತ್ತೆ ತೋರಿಸುತ್ತಾರೆ. ಆದರೆ ವೈರು ಕಿತ್ತ ಹಲ್ಕಟ್ ಮತ್ತೆ ಬಂದರೂ ಬರಬಹುದು, ಡಬ್ಬಿಯ ಹತ್ತಿರ ಗಟ್ಟಿ ಮನುಷ್ಯನೊಬ್ಬ ಕಾವಲಿರಬೇಕು. ಓಣಿಯ ಕಣ್ಣೆಲ್ಲ ಶಿವಯೋಗೀಶನ ಕಡೆ ತಿರುಗಿದವು.

ಮರುದಿನ ಅವನು ಕೆಲಸಕ್ಕೆ ರಜೆ ಹಾಕಿ, ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಕೈಯಲ್ಲಿ ಬಡಿಗೆ, ಕೊರಳಲ್ಲಿ ಖಾದರಬಾಷಾ ಕೊಟ್ಟ ಸೀಟಿ. ಆರತಿ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎಲ್ಲರಿಗೂ ಕಾಣಲೆಂದು ಟೀವಿಯನ್ನು ಪಡಸಾಲೆಗೆ ತಂದಿರಿಸಿದ್ದಳು. ಗಂಡನಿಗೆ ಏಣಿ ಹತ್ತಿ ಚಹಾ ಕೊಟ್ಟಳು.

“ನೀವು ಕುಂತೀರಿ ಅಂದಮ್ಯಾಲೆ ನನಗ ಧೈರ್ಯ ನೋಡ್ರಿ,” ಎಂದಳು.

ಅವಳು ಇಳಿದ ಮೇಲೆ ಶಿವಯೋಗೀಶನ ಕೈ ತಾನೇ ತಾನಾಗಿ ವೈರಿನ ಮೇಲೆ ಹೋಯಿತು. ಅಂಗಳದಲ್ಲಿ ಚಾಪೆ ಹಾಸುತ್ತಿದ್ದ ಅವಳ ಮುಖ ನೋಡಿ ವಾಪಸು ಬಂತು. ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ಬಂತು. ಕಡೆಗೆ, ಆಗುವುದು ಆಗಲಿ ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಥಿಯೇಟರಿನ ಮುಂದೆ ಅಷ್ಟು ಜನ ಮಾತಾಡಿದ್ದಾರೆ, ತನ್ನ ಮುಖವನ್ನೇ ಏಕೆ ಹಾಕುತ್ತಾರೆ?

ಕಾರ್ಯಕ್ರಮ ಶುರುವಾಯಿತು. ಹೂರಣ ಹೇಗೆ ಹದ ಮಾಡಬೇಕೆಂದು ಆರತಿ ನಾಚುತ್ತ ಹೇಳುತ್ತಿದ್ದ ದನಿ ಮನೆಮನೆಯಿಂದ ಬಂತು. ಓಣಿ ಚಪ್ಪಾಳೆ ತಟ್ಟಿತು. ಶಿವಯೋಗೀಶನಿಗೂ ತಡೆಯಲಾಗಲಿಲ್ಲ, ಒದ್ದೆಗಣ್ಣಿನಿಂದ ಜೋರಾಗಿ ಸೀಟಿ ಊದಿದ.

ಆಮೇಲೆ ಸಿನೆಮಾದ ಸುದ್ದಿ. ಅದಾದ ಮೇಲೆ ಪರಿಚಯದ ದನಿಯೊಂದು ಎಲ್ಲ ಮನೆಗಳಿಂದ ಒಟ್ಟಿಗೇ ಮಾಳಿಗೆಗೆ ಏರಿ ಬಂತು.

“ಕಳ್ಳ ಅಂದ್ರ ಹಿಂಗಿರಬೇಕ್ರಿ. ಹೆಗಲಿಗೆ ವೈರ್ ಹಾಕ್ಕೊಂಡು ಮಾಳಿಗಿ ಹತ್ತಿಬಿಟ್ರ ಯಾರೂ ಏನೂ ಕೇಳೂದಿಲ್ಲ. ನಮ್ಮ ಓಣ್ಯಾಗಂತೂ ಖರೇನ ಕೇಳೂದಿಲ್ರಿ. ಅಷ್ಟ ಸಾದಾ ಮಂದಿ.”

ಒಂದೊಂದೇ ಮನೆಯಿಂದ ಸಾದಾ ಮಂದಿ ಹೊರಗೆ ಬಂದು ಕತ್ತೆತ್ತಿ ನೋಡತೊಡಗಿದರು. ಖಾದರಬಾಷಾ ತೋಳು ಮಡಚಿದ. ಮಾಳಿಗೆಯ ಒಳಮೆಟ್ಟಿಲ ಬಾಗಿಲಿಗೆ ಸಾವಂತ್ರೆವ್ವ ಚಿಲಕ ಜಡಿದ ಸದ್ದು ಕೇಳಿತು.

ಎಲ್ಲರಿಗಿಂತ ಕಡೆಗೆ ಆರತಿ ಬಂದಳು. ಗಂಡನನ್ನು ಒಮ್ಮೆ ನೋಡಿದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿಯನ್ನು ಎತ್ತಿ ಹೆಗಲಿಗೆ ಹೊತ್ತು ಮನೆಯೊಳಗೆ ಹೋದಳು.