ಸಿಂಹಾಸನದ ಮೇಲೊಂದು ನಿದ್ದೆ

ಪುಣೆಯ ಗಾಳಿಗೆ ಒಂದು ಗುಣವಿದೆ. ಮಧ್ಯಾಹ್ನ ಒಂದು ಹೊಡೆಯಿತೆಂದರೆ ಅಂಗಡಿಯ ಶಟರ್ ಇಳಿಯುತ್ತದೆ, ಅದರ ಹಿಂದೆಯೇ ಅಂಗಡಿಯವನ ರೆಪ್ಪೆಯೂ ಇಳಿಯುತ್ತದೆ. ಧಾರವಾಡದಿಂದ ಬಂದು ಇಲ್ಲಿನ ನಿಗಡಿಯಲ್ಲಿ ಸ್ಟೇಷನರಿ ಅಂಗಡಿ ಹಾಕಿದ ಕೃಷ್ಣಾಜಿಯವರು ಮರಾಠಿ ಕಲಿಯಲು ಎರಡು ವರ್ಷ ತೆಗೆದುಕೊಂಡರು. ಒಂದರಿಂದ ನಾಲ್ಕರವರೆಗೆ ಮಲಗುವುದನ್ನು ಮಾತ್ರ ಒಂದೇ ವಾರದಲ್ಲಿ ಕಲಿತರು. ಇವತ್ತಿನ ಅನಾಹುತಕ್ಕೆಲ್ಲ ಆ ನಿದ್ದೆಯೇ ಮೂಲ.

ಇವತ್ತು ಕನ್ನಡ ಸಂಘದ ನಾಟಕ. ಇಪ್ಪತ್ತೆರಡು ವರ್ಷ ಬರೀ ಪರದೆ ಎಳೆದಿದ್ದ ಕೃಷ್ಣಾಜಿಯವರಿಗೆ ಮೊದಲ ಸಲ ಪಾತ್ರ ಸಿಕ್ಕಿತ್ತು. ದ್ವಾರಪಾಲಕ. ಮಾತು ಒಂದೇ: "ಎಚ್ಚರಿಕೆ! ಮಹಾರಾಜರು ದಯಮಾಡಿಸುತ್ತಿದ್ದಾರೆ, ಬಾಗಿಲು ತೆರೆಯಿರಿ!" ತಿಂಗಳಿಂದ ಅದನ್ನು ಬಚ್ಚಲಮನೆಯಲ್ಲಿ ಕೂಗಿ ಕೂಗಿ, ಕೆಳಗಿನ ಮನೆಯ ಮರಾಠಿ ಅಜ್ಜಿಗೂ ಬಾಯಿಪಾಠ ಆಗಿತ್ತು.

"ಒಂದ ಮಾತಿಗೆ ಇಷ್ಟ ಗದ್ಲ ಏನ್ರಿ?" ಎಂದರು ಹೆಂಡತಿ ಇಂದೂ.

"ಒಂದ ಇರಲಿ. ನಾ ಅನ್ನದಿದ್ರ ರಾಜಾ ಹೊರಗ ನಿಲ್ಲಬೇಕಾಗ್ತದ. ಸಾಯೂದ್ರಾಗ ಒಮ್ಮೆರ ಸ್ಟೇಜಿನ ಮ್ಯಾಲೆ ನನ್ನ ಧ್ವನಿ ನಾ ಕೇಳಬೇಕು ನೋಡ."

"ಕೇಳ್ರಿ ಕೇಳ್ರಿ. ನಡುವ ಮಲಕೊಂಡ್ ಗಿಲಕೊಂಡೀರಿ, ಹುಷಾರ್."

ನಾಟಕ ಇದ್ದದ್ದು ಊರಿನ ಹೊಸ ಕಲಾಸಂಕುಲದಲ್ಲಿ. ಒಂದೇ ಸೂರಿನಡಿ ನಾಲ್ಕು ರಂಗಮಂದಿರ. ಮುಂದೆ ನಾಲ್ಕಕ್ಕೂ ಬೇರೆ ಬೇರೆ ಬಾಗಿಲು, ಹಿಂದೆ ಎಲ್ಲಕ್ಕೂ ಕೂಡಿ ಒಂದೇ ಉದ್ದ ಕಾರಿಡಾರ್. ಬಣ್ಣ ಹಚ್ಚಿಕೊಂಡು, ಈಟಿ ಹಿಡಿದು ಕೃಷ್ಣಾಜಿಯವರು ತಮ್ಮ ಸ್ಟೇಜಿನ ಹಿಂದೆ ಬಂದಾಗ ಗಂಟೆ ಒಂದು. ನಾಟಕ ಮೂರೂವರೆಗೆ. ಯಾವುದೋ ಮಂದಿರದಿಂದ ಗೆಜ್ಜೆಯ ಸದ್ದು ಬರುತ್ತಿತ್ತು. ಇನ್ನೆಲ್ಲೋ ಒಬ್ಬಾಕೆ ಭೀಮಪಲಾಸದ ಆಲಾಪ ಮಾಡುತ್ತಿದ್ದಳು. ಎ.ಸಿ. ತಣ್ಣಗೆ ಬೀಸುತ್ತಿತ್ತು. ಎದುರಿಗೆ, ಗಾಲಿಯ ಮೇಲೆ, ಮಖಮಲ್ಲಿನ ಸಿಂಹಾಸನ. ಅವರೇನು ಕಲ್ಲಿನ ಮನುಷ್ಯರೇ? ಐದೇ ನಿಮಿಷ ಎಂದು ಈಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಳಿಗೆ ಅಲ್ಲೇ ಇದ್ದ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡರು.

ಸಂಕುಲದ ಉಗ್ರಾಣದಲ್ಲಿದ್ದದ್ದು ಅದೊಂದೇ ಸಿಂಹಾಸನ. ಪಕ್ಕದ ಮಂದಿರದವರಿಗೂ ಅದೇ ಬೇಕಾಗಿತ್ತು. ಇಬ್ಬರು ಕೆಲಸಗಾರರು ಬಂದು, "ಸಾಗವಾನಿ ಕಟ್ಟಿಗೆ, ಭಾರ ಇರೂದ" ಎಂದು ಮರಾಠಿಯಲ್ಲಿ ಗೊಣಗುತ್ತ, ಹೊದಿಕೆಯ ಸಮೇತ ತಳ್ಳಿಕೊಂಡು ಹೋದರು.

ಕೃಷ್ಣಾಜಿಯವರು ಕನಸಿನಲ್ಲಿ ಧಾರವಾಡದ ಕೆಲಗೇರಿ ಕೆರೆಯ ಮೇಲೆ ದೋಣಿಯಲ್ಲಿದ್ದರು. ದೋಣಿ ಮೆಲ್ಲಗೆ ಗಡಗಡ ಎನ್ನುತ್ತ ಸಾಗಿತು. ಎಲ್ಲಿಂದಲೋ ಆಲಾಪ ತೇಲಿ ಬಂತು. ಆಮೇಲೆ ದೋಣಿ ನಿಂತಿತು, ನೀಲಿ ಬೆಳದಿಂಗಳು ಬಿತ್ತು, ಯಾರೋ ಮುಖದ ಮೇಲಿನ ಮೋಡವನ್ನು ನಿಧಾನಕ್ಕೆ ಸರಿಸಿದರು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟರು. ಬೆಳದಿಂಗಳು ಇನ್ನೂ ಇತ್ತು. ಬಿಳಿ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಅವರ ಸುತ್ತ ಹೊಗೆಯ ಹಾಗೆ ತೇಲುತ್ತಿದ್ದರು. ಅವರಲ್ಲೊಬ್ಬಳ ಕೈಯಲ್ಲಿ ತಾವು ಹೊದ್ದಿದ್ದ ಹೊದಿಕೆ. ಎದುರಿಗೆ ಕತ್ತಲು, ಕತ್ತಲಲ್ಲಿ ನೂರಾರು ಮುಖ. ಅಯ್ಯೋ ಶಿವನೇ, ನಾಟಕ ಶುರುವಾಗಿಬಿಟ್ಟಿದೆ! ಧಡಕ್ಕನೆ ಎದ್ದು, ಈಟಿ ನೆಲಕ್ಕೆ ಕುಟ್ಟಿ, ಇಪ್ಪತ್ತೆರಡು ವರ್ಷದ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗಿದರು:

"ಎಚ್ಚರಿಕೆ! ಮಹಾರಾಜರು ದಯಮಾಡಿಸುತ್ತಿದ್ದಾರೆ, ಬಾಗಿಲು ತೆರೆಯಿರಿ!"

ಅದು ಪಕ್ಕದ ಮಂದಿರದವರ ಒಂದು ತಾಸಿನ ಮೂಕನಾಟಕ. ಅದರಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಕನ್ನಡ ಬರದಿದ್ದರೂ ಆ ಗರ್ಜನೆಗೆ ಹೆದರಿ ಬಾಗಿಲನ್ನು ಪೂರಾ ತೆರೆದುಬಿಟ್ಟ. ಒಳಗೆ ಬಂದವರು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದ ರಾಜೀವಿ ಬಾಯಿ, ಕನ್ನಡ ನಾಟಕದ ನಿರ್ದೇಶಕಿ. ಮುಕ್ಕಾಲು ತಾಸಿನಿಂದ ಸಿಂಹಾಸನ ಹುಡುಕಿ ಹುಡುಕಿ ಸೋತಿದ್ದರು.

"ಇಲ್ಲೇನ್ರಿ ನೀವು! ಸಿಂಹಾಸನಾನೂ ಇಲ್ಲೆ!" ಎಂದು ನೆಟ್ಟಗೆ ಸ್ಟೇಜು ಹತ್ತಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಇವರನ್ನೂ ಎಳೆದುಕೊಂಡು ಹೊರಟರು. ಅದೂ ನಾಟಕದ ಭಾಗವೇ ಇರಬೇಕೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾರಿಡಾರಿನಲ್ಲಿ ಕೃಷ್ಣಾಜಿಯವರು ಏದುಸಿರು ಬಿಡುತ್ತ ಕೇಳಿದರು, "ನಮ್ಮ ನಾಟಕ ಮುಗೀತೇನ್ರಿ?"

"ಸಿಂಹಾಸನ ಇಲ್ಲದ ಹ್ಯಾಂಗ ಶುರು ಮಾಡೂದ್ರಿ? ಪರದೆ ತೆಗಿಯೂ ಮೂರನೇ ಘಂಟಿ ಇನ್ನೂ ಬಾರಿಸೇ ಇಲ್ಲ."

ಅವರ ಜೀವ ತಿರುಗಿ ಬಂತು. ಮಾತು ಇನ್ನೂ ಉಳಿದಿದೆ! ಕಣ್ಣಲ್ಲಿ ನೀರೇ ಬಂತು. "ನಡೀರಿ ಹಂಗಾರ, ನಾ ಬಾಗಲದಾಗ ನಿಲ್ತೀನಿ."

"ನೀವೆಲ್ಲಿ ನಿಲ್ತೀರಿ? ಆರಕ್ಕ ಹಾಲ್ ಬಿಡಬೇಕು. ಸಿಂಹಾಸನದ ಸಲುವಾಗಿ ತಡ ಆತಲ್ಲ, ಅದಕ್ಕ ಮೊದಲನೇ ದೃಶ್ಯ ಕಟ್ ಮಾಡೇನಿ. ರಾಜಾ ಮೊದಲಿಂದ ಒಳಗ ಕೂತಿರ್ತಾನ. ನೀವು ಪರದೆ ಎಳೀರಿ."

ಎಳೆದರು. ಇನ್ನೇನು ಮಾಡುತ್ತಾರೆ?

ನಾಟಕ ಮುಗಿದ ಮೇಲೆ, ಗಂಡನ ಆ ಒಂದು ಮಾತನ್ನು ರೆಕಾರ್ಡ್ ಮಾಡಲೆಂದು ಮೊದಲ ಸಾಲಿನಲ್ಲಿ ಮೊಬೈಲ್ ಹಿಡಿದು ಕೂತೇ ಇದ್ದ ಇಂದೂಬಾಯಿಯವರ ಮುಂದೆ ಅವರು ಮುಖ ಸಣ್ಣದು ಮಾಡಿ ನಿಂತು, ನಡೆದದ್ದನ್ನೆಲ್ಲ ಹೇಳಿದರು. ಅಷ್ಟರಲ್ಲಿ ಒಬ್ಬ ಗಡ್ಡದ ಹುಡುಗ ಓಡಿ ಬಂದ. ಮೂಕನಾಟಕದ ನಿರ್ದೇಶಕ ಅಮೇಯ.

"ಕಾಯ್ ಝೋಪಲಾತ್ ಕಾಕಾ!" ಎಂಥಾ ನಿದ್ದೆ ಮಾಡಿದಿರಿ ಎಂದು ಅವರ ಎರಡೂ ಕೈ ಹಿಡಿದುಕೊಂಡ. ಇಡೀ ನಾಟಕದಲ್ಲಿ ಜನ ಕೊಂಡಾಡಿದ್ದು ಅವರ ನಿದ್ದೆಯನ್ನೇ. ಮುಂದೆ ಎಂಟು ಪ್ರಯೋಗ ಇದ್ದವು, ಎಂಟಕ್ಕೂ ಅವರು ಬರಲೇಬೇಕು.

ಕೃಷ್ಣಾಜಿಯವರ ಎದೆ ಉಬ್ಬಿತು. ಎಂಟು ಸಲ! ಗಂಟಲು ಸರಿಮಾಡಿಕೊಂಡು, "ಆ ಮಾತು ಇನ್ನೂ ಸ್ವಲ್ಪ ಜೋರ ಅನ್ಲೇನು?" ಎಂದು ಮರಾಠಿಯಲ್ಲಿ ಕೇಳಿದರು.

"ಛೇ ಛೇ," ಎಂದ ಅಮೇಯ. "ಅದೊಂದನ್ನ ಕಟ್ ಮಾಡೇವಿ, ಕಾಕಾ. ನೀವು ಬರೇ ಮಲಕೊಳ್ರಿ."

ಕೃಷ್ಣಾಜಿಯವರು ಹೆಂಡತಿಯ ಮುಖ ನೋಡಿದರು.

"ಹೂಂ ಅನ್ರಿ," ಎಂದರು ಇಂದೂ, ಮೊಬೈಲನ್ನು ಚೀಲಕ್ಕೆ ಹಾಕುತ್ತ. "ಅದಕ್ಕ ತಾಲೀಮ ಬ್ಯಾರೆ ಬೇಕಾಗಿಲ್ಲ."