ಅಜ್ಜಿ ಕಾವಲು ಕಾಯ್ದ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ನಗುತ್ತ ಬರುವವರು ಕಡಿಮೆ. ಆದರೂ ಮಿರಜದ ನನ್ನ ದವಾಖಾನೆಗೆ ನಗು ಹೇಗೋ ದಾರಿ ಮಾಡಿಕೊಂಡು ಬರುತ್ತಲೇ ಇರುತ್ತದೆ. ಈ ವರ್ಷ ಅದನ್ನು ಕರೆತಂದವರು ಸಾಂಗ್ಲಿವಾಡಿಯ ಒಬ್ಬ ಜೈನ ಅಜ್ಜಿ. ಜೊತೆಗೆ ಆರು ವರ್ಷದ ಮೊಮ್ಮಗಳು.

೧. ಬೀಳಬಾರದ ಹಲ್ಲು

ಹುಡುಗಿಯ ಕೆಳಸಾಲಿನ ಕಟ್ಟಕಡೆಯ ದವಡೆ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿತ್ತು. "ಹಾಲಹಲ್ಲು ಐತ್ರಿ, ಇವತ್ತಿಲ್ಲ ನಾಳೆ ಬೀಳತೈತಿ," ಎಂದು ಅಜ್ಜಿ ನನಗೇ ಸಮಾಧಾನ ಹೇಳಿದರು. ಬಹಳ ಮಂದಿ ಮಾಡುವ ತಪ್ಪು ಇದು. ಆರನೇ ವರ್ಷಕ್ಕೆ ಹಿಂದಿನಿಂದ ಸದ್ದಿಲ್ಲದೆ ಬರುವ ಆ ಹಲ್ಲು ಕೊನೆತನಕ ಇರಬೇಕಾದದ್ದು. ಹೋದರೆ ಮತ್ತೆ ಹುಟ್ಟುವುದಿಲ್ಲ. ಕಲೆ ಮೂರು ತಿಂಗಳು ಹೀಗೇ ನಿಂತರೆ ಮೇಲೊಂದು ಲೇಪ ಹಚ್ಚಿ ಬಿಡುತ್ತೇನೆ, ತೂತಾದರೆ ಮಶೀನಿನಿಂದ ಕೊರೆಯಬೇಕಾಗುತ್ತದೆ ಎಂದೆ. ಮಶೀನು ಎಂದ ಕೂಡಲೇ ಹುಡುಗಿ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಳು.

ಅಜ್ಜಿ ಅವಳ ತಲೆ ಸವರಿದರು. "ಮುದುಕಿ ಆಗೂತನಕ ಬರೂ ಹಲ್ಲು ಆರು ವರ್ಷದಾಕಿಗೆ ಕೊಡ್ತಾರೇನ್ರಿ? ನಾ ಇಕಿ ಕೈಯಾಗ ಛತ್ರಿ ಸುದ್ದಾ ಕೊಡೂದಿಲ್ಲ."

೨. ಹೊತ್ತು ಮುಳುಗಿದ ಮೇಲೆ

ರಾತ್ರಿ ಊಟವಾದ ಮೇಲೆ ನೀವೇ ಬ್ರಶ್ ಮಾಡಿಸಿ, ಆಮೇಲೆ ನೀರು ಬಿಟ್ಟು ಏನೂ ಕೊಡಬೇಡಿ ಎಂದು ಹೇಳಿಕೊಟ್ಟೆ. ಅಜ್ಜಿಯ ಮುಖ ಅರಳಿತು. "ಇದು ನಮಗ ಹೊಸಾದಲ್ಲರಿ. ಹೊತ್ತು ಮುಳುಗಿದ ಮ್ಯಾಲ ನಾ ಏನೂ ತಿನ್ನೂದಿಲ್ಲ. ಮನ್ಯಾಗ ಉಳಿದವ್ರು ಈ ಪದ್ಧತಿ ಬಿಟ್ಟಾರ, ಅಷ್ಟ." ಮರುಕ್ಷಣ ಸಂಶಯ ಬಂತು. "ಪೇಸ್ಟ್ ಸಿಹಿ ಇರತೈತೆಲ್ರಿ, ಅದು ಉಂಡಂಗ ಆಗೂದಿಲ್ಲೇನ್ರಿ?" ಉಗುಳುತ್ತೇವಲ್ಲ ಎಂದರೂ ಪೂರ್ತಿ ಒಪ್ಪಲಿಲ್ಲ. ಹುಡುಗಿಯ ಊಟ, ಬ್ರಶ್ ಎರಡನ್ನೂ ಬೆಳಕಿರುವಾಗಲೇ ಮುಗಿಸುವುದೆಂದು ತೀರ್ಮಾನವಾಯಿತು.

ಆ ತೀರ್ಮಾನ ಇಡೀ ಮನೆಗೆ ಜಾರಿಯಾಯಿತಂತೆ. ಹುಡುಗಿಯ ಎದುರು ದೊಡ್ಡವರು ತಿಂದರೆ ಅವಳು ಹೇಗೆ ತಡೆದಾಳು ಎನ್ನುವುದು ಅಜ್ಜಿಯ ವಾದ. ನಾನು ಕಾಲೇಜಿನಲ್ಲಿ ಐದು ವರ್ಷ ಓದಿ ನನ್ನ ಸ್ವಂತ ಮನೆಯಲ್ಲಿ ತರಲಾಗದ ಶಿಸ್ತು ಅದು. ಕೇಳಿ ನಿಜಕ್ಕೂ ಹೆಮ್ಮೆಯಾಯಿತು.

ಹದಿನೈದು ದಿನಕ್ಕೆ ಹುಡುಗಿಯ ಅಪ್ಪ ಫೋನು ಮಾಡಿದ. ದನಿ ಸೋತಿತ್ತು. "ಡಾಕ್ಟರ್ರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಹಲ್ಲು ಹುಡುಗೀದು. ಉಪಾಸ ನನಗ್ಯಾಕ್ರಿ?"

೩. ಪೇಢೆಯ ಪೆಟ್ಟಿಗೆ

ಮೂರು ತಿಂಗಳಿಗೆ ಸರಿಯಾಗಿ, ಒಂದು ಸಂಜೆ ಇಬ್ಬರೂ ಬಂದರು. ಊಟ, ಬ್ರಶ್ ಮುಗಿಸಿಯೇ ಹೊರಟಿದ್ದರಂತೆ. ಹುಡುಗಿ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಬಾಯಿ ತೆರೆದಳು. ಅಜ್ಜಿಯ ತುಟಿ ಸದ್ದಿಲ್ಲದೆ ಏನನ್ನೋ ಜಪಿಸುತ್ತಿತ್ತು.

ಕಲೆ ಒಂದು ಕೂದಲೆಳೆಯಷ್ಟೂ ಮುಂದೆ ಸರಿದಿರಲಿಲ್ಲ. ಹಲ್ಲು ಗಟ್ಟಿಯಾಗಿ ನಿಂತಿತ್ತು. ಮಶೀನು ಮುಟ್ಟದೆ ಲೇಪ ಹಚ್ಚಿದೆ. "ಈ ಹಲ್ಲು ಉಳಿಸಿದವರು ನೀವು, ನಾನಲ್ಲ," ಎಂದಾಗ ನನ್ನ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

ನಮ್ಮ ಕಡೆ ಒಳ್ಳೆಯ ಸುದ್ದಿ ಬಂದರೆ ಪೇಢೆ ಹಂಚದೆ ಕೈ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಯಾರೋ ಮಗ ಪಾಸಾದನೆಂದು ಕೊಟ್ಟುಹೋದ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಖುಷಿಯ ಭರದಲ್ಲಿ ಅದರಿಂದ ಒಂದು ದೊಡ್ಡ ಪೇಢೆ ತೆಗೆದು ಹುಡುಗಿಯ ಮುಂದೆ ಹಿಡಿದೆ.

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅಜ್ಜಿ ಪೇಢೆ ನೋಡಿದರು, ಕಿಟಕಿಯಾಚೆ ಮುಳುಗಿದ ಹೊತ್ತು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ, ಬಹಳ ಕನಿಕರವಿತ್ತು.

"ನಿಮ್ಮ ಧಂದೆನೂ ನಡೀಬೇಕಲ್ರಿ ಡಾಕ್ಟರ್ರ, ನನಗ ತಿಳೀತೈತಿ," ಎಂದರು. "ಆದ್ರ ಈ ಹಲ್ಲು ಬಿಡ್ರಿ. ಬ್ಯಾರೆ ಯಾರದಾರ ನೋಡ್ಕೋರಿ."