ಟಿಕೆಟ್ಟಿಗಾಗಿ ಬಾಯಿಬಿಟ್ಟ ಶಾಸಕರು

ಪ್ರಜಾಪ್ರಭುತ್ವದಲ್ಲಿ ಯಾರಾದರೂ ತೀರಾ ಗಂಭೀರವಾಗಿ ಒಂದು ಕೆಲಸಕ್ಕೆ ಕೈಹಾಕಿದರೆ ಸಾಕು, ಉಳಿದವರು ನಗುವ ಹಾಗೆ ಏನಾದರೊಂದು ಆಗಿಯೇ ಆಗುತ್ತದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಲೆ ನಾನು ಒಬ್ಬ ಶಾಸಕರಿಗೆ ಒಂದು ವರ್ಷ ಭಾಷಣ ಬರೆದುಕೊಟ್ಟೆ. ಅವರ ಕ್ಷೇತ್ರ ಯಾವುದೆಂದು ಕೇಳಬೇಡಿ. ಹಾಸನದವರು ಹೊಳೆನರಸೀಪುರದ ಕಡೆ ನೋಡಿ ನಗಲಿ, ಹೊಳೆನರಸೀಪುರದವರು ಅರಕಲಗೂಡಿನ ಕಡೆ, ಅರಕಲಗೂಡಿನವರು ಚನ್ನರಾಯಪಟ್ಟಣದ ಕಡೆ. ಚನ್ನರಾಯಪಟ್ಟಣದವರು ಯಾರ ಕಡೆ ನೋಡಿದರೂ ನನ್ನ ಅಭ್ಯಂತರವಿಲ್ಲ.

ನಾಲ್ಕು ವರ್ಷದ ಸಾಧನೆ

ಒಂದು ದಿನ ಪಕ್ಷದ ಕಚೇರಿಯಿಂದ ಸುತ್ತೋಲೆ ಬಂತು. ಮುಂದಿನ ಚುನಾವಣೆಗೆ ಟಿಕೆಟ್ ಬೇಕಾದವರು ಸದನದ ಚರ್ಚೆಗಳಲ್ಲಿ ಏನೇನು ಮಾತಾಡಿದ್ದಾರೆ ಎಂಬುದನ್ನು ದಾಖಲೆ ಸಮೇತ ಕಳಿಸಬೇಕು. ಮಾತಾಡದವರಿಗೆ ಟಿಕೆಟ್ ಇಲ್ಲ. ಸಾಹೇಬರಿಗೆ ಅಂದು ತಿಂಡಿ ಸೇರಲಿಲ್ಲ. ಟಿಕೆಟ್ ಇಲ್ಲದೆಯೂ ಮನುಷ್ಯರು ಬದುಕುತ್ತಾರೆ ಎಂಬುದನ್ನು ಅವರು ಕೇಳಿ ಬಲ್ಲವರೇ ಹೊರತು ಕಂಡವರಲ್ಲ.

‘ಮೇಷ್ಟ್ರೇ, ನಾನು ಮಾತಾಡಿರೋದೆಲ್ಲಾ ಹುಡುಕಿ ಒಂದು ಪುಸ್ತಕ ಮಾಡ್ಸಿ’ ಎಂದರು. ‘ರಟ್ಟು ಗಟ್ಟಿಯಾಗಿರ್ಲಿ.’

ನಾಲ್ಕು ವರ್ಷದ ನಡಾವಳಿಯನ್ನು ಮೂರು ದಿನ ತಿರುವಿ ಹಾಕಿದೆ. ಅವರ ಹೆಸರು ಒಂದೇ ಒಂದು ಕಡೆ ಸಿಕ್ಕಿತು. ಸರ್ಕಾರದ ಉತ್ತರದಾಯಿತ್ವದ ಬಗ್ಗೆ ಬೇರೆ ಯಾರೋ ಸದಸ್ಯರು ಮಾತಾಡುತ್ತಿದ್ದಾಗ ನಮ್ಮ ಸಾಹೇಬರು ಎದ್ದು ನಿಂತು, ‘ಸಾರ್, ಎ.ಸಿ. ಸ್ವಲ್ಪ ಕಮ್ಮಿ ಮಾಡ್ಸಿ’ ಎಂದಿದ್ದರು. ಸಭಾಧ್ಯಕ್ಷರು ‘ಆಯ್ತು, ಕೂತ್ಕೊಳ್ಳಿ’ ಎಂದಿದ್ದರು.

ಸಾಹೇಬರು ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಮುಖ ಅರಳಿತು.

‘ನೋಡಿದ್ರಾ? ಬಾಕಿಯವ್ರು ಗಂಟೆಗಟ್ಲೆ ಮಾತಾಡಿದ್ರೂ ಏನೂ ಆಗಲ್ಲ. ನಾನು ಒಂದೇ ಸಲ ಕೇಳ್ದೆ, ಆಯ್ತು ಅಂದ್ರು.’

ಜಗಲಿಯ ತಾಲೀಮು

ಆ ಒಂದು ವಾಕ್ಯವನ್ನು ಪುಸ್ತಕ ಮಾಡಲು ಯಾವ ಮುದ್ರಕರೂ ಒಪ್ಪದ ಕಾರಣ, ಮುಂದಿನ ಅಧಿವೇಶನದಲ್ಲಿ ಉತ್ತರದಾಯಿತ್ವದ ಚರ್ಚೆಗೆ ಸಾಹೇಬರ ಹೆಸರು ಕೊಡಿಸಿದೆವು. ಹತ್ತು ನಿಮಿಷದ ಭಾಷಣ ಬರೆದೆ. ಪ್ರತಿ ಪ್ಯಾರಾದ ಕೊನೆಗೂ ಒಂದು ಗುಡುಗು ಇರಲೆಂದು ‘ಇದಕ್ಕೆ ಹೊಣೆ ಯಾರು?’ ಎಂಬ ಪ್ರಶ್ನೆ ಇಟ್ಟೆ.

ಎದುರಿಗೆ ಜನ ಇಲ್ಲದಿದ್ದರೆ ಸಾಹೇಬರಿಗೆ ಕೈ ಮೇಲಕ್ಕೆ ಏಳುವುದಿಲ್ಲ. ಹಾಗಾಗಿ ಹಾಸನದ ಮನೆಯ ಜಗಲಿಯಲ್ಲಿ, ಬೆಳಿಗ್ಗೆ ಅರ್ಜಿ ಹಿಡಿದು ಕೂತಿರುವವರ ಮುಂದೆಯೇ ತಾಲೀಮು ಶುರುವಾಯಿತು. ನಮ್ಮ ಕಡೆಯ ಜನ ಸಭೆಗಳಿಗೆ ಹೋಗಿ ಹೋಗಿ ಪಳಗಿದವರು. ಭಾಷಣಕಾರರು ಪ್ರಶ್ನೆ ಕೇಳಿದರೆ ಒಟ್ಟಾಗಿ ಉತ್ತರ ಕೂಗಬೇಕು. ಸುಮ್ಮನೆ ಕೂತರೆ ಟೆಂಪೊದಲ್ಲಿ ಕರೆತಂದವರು ಬೇಜಾರು ಮಾಡಿಕೊಳ್ಳುತ್ತಾರೆ.

ಸಾಹೇಬರು ಕೈ ಎತ್ತಿದರು. ‘ನಾಲೆಯ ಕೊನೆಗೆ ನೀರು ತಲುಪಲಿಲ್ಲ. ಇದಕ್ಕೆ ಹೊಣೆ ಯಾರು?’

‘ನೀವೇ ಸಾ!’ ಎಂದಿತು ಜಗಲಿ.

‘ಆಸ್ಪತ್ರೆಯಲ್ಲಿ ವೈದ್ಯರಿಲ್ಲ. ಇದಕ್ಕೆ ಹೊಣೆ ಯಾರು?’

‘ನೀವೇ ಸಾ!’

ಮೂರನೆಯ ಪ್ಯಾರಾಕ್ಕೆ ಸಾಹೇಬರು ನನ್ನ ಮುಖ ನೋಡಿದರು. ನಾನು ಎದ್ದು, ‘ಇದು ಸದನದ ಭಾಷಣ. ಯಾರೂ ಉತ್ತರ ಹೇಳಬೇಡಿ’ ಎಂದು ತಿಳಿಹೇಳಿದೆ.

ಮುಂದಿನ ಸಾಲಿನ ಅಜ್ಜಿಗೆ ಸಮಾಧಾನವಾಗಲಿಲ್ಲ. ‘ಅಂಗಾರೆ ಒಂದೇ ಸಮ ಯಾಕೆ ಕೇಳ್ತಾವ್ರೆ? ಪಾಪ, ಗೊತ್ತಿಲ್ವೇನೋ ಅಂತ ಯೋಳ್ದೊ ಕಣಪ್ಪಾ.’

ಗಟ್ಟಿ ಕಲ್ಲು

ಸದನದಲ್ಲಿ ಸಾಹೇಬರು ನಾನು ಬರೆದಷ್ಟನ್ನು ಓದಿ ಕೂತಿದ್ದರೆ ಚೆನ್ನಾಗಿತ್ತು. ಮೇಜು ಕುಟ್ಟುವ ಸದ್ದು ಕೇಳಿ ಅವರಿಗೆ ಹುರುಪು ಬಂತು. ಹಾಳೆ ಮಡಿಚಿಟ್ಟರು.

‘ನನ್ನ ಕ್ಷೇತ್ರದ ಒಂದು ರಸ್ತೆ ಆರು ತಿಂಗಳಿಗೆ ಕಿತ್ತುಹೋಗಿದೆ. ಅದಕ್ಕೆ ಗುದ್ದಲಿ ಪೂಜೆ ಮಾಡಿದ ಮಹಾನುಭಾವರು ಯಾರು? ಅವರ ಹೆಸರು ಈ ಸದನಕ್ಕೆ ಗೊತ್ತಾಗಲಿ!’

ಉತ್ತರ ಕೊಡಬೇಕಿದ್ದ ಮಂತ್ರಿಗಳಿಗೆ ಗಾಬರಿಯಾಗಲಿಲ್ಲ. ಹಿಂದೆ ಕೂತಿದ್ದ ಅಧಿಕಾರಿ ಒಂದು ಚೀಟಿ ಕಳಿಸಿದರು. ಮಂತ್ರಿಗಳು ಕನ್ನಡಕ ಏರಿಸಿಕೊಂಡು ರಸ್ತೆ ಬದಿಯ ಶಿಲಾಫಲಕದಲ್ಲಿ ಏನಿದೆಯೋ ಅದನ್ನೇ ಓದಿದರು. ‘ಗುದ್ದಲಿ ಪೂಜೆ ನೆರವೇರಿಸಿದವರು’ ಎಂಬುದರ ಕೆಳಗೆ ಇದ್ದದ್ದು ನಮ್ಮ ಸಾಹೇಬರ ಹೆಸರು. ಇಡೀ ಸದನ ನಕ್ಕಿತು. ಎರಡೂ ಕಡೆಯವರು ಒಮ್ಮತಕ್ಕೆ ಬಂದದ್ದು ಆ ಅಧಿವೇಶನದಲ್ಲಿ ಅದೇ ಮೊದಲು.

ಸಾಹೇಬರು ಜಗ್ಗಲಿಲ್ಲ. ‘ಮಾನ್ಯ ಸಭಾಧ್ಯಕ್ಷರೇ, ನಾನು ನಿಲ್ಲಿಸಿ ಬಂದದ್ದು ಕಲ್ಲು. ಕಲ್ಲು ಇವತ್ತಿಗೂ ಗಟ್ಟಿಯಾಗಿದೆ’ ಎಂದು ಕೂತರು.

ಆಚೆ ಬಂದವರೇ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ‘ನಡಾವಳಿಲಿ ಎಷ್ಟು ಪುಟ ಆಗುತ್ತೆ?’

‘ಮೂರು ಆಗಬಹುದು ಸಾರ್. ಆದರೆ ಅಲ್ಲಲ್ಲಿ “ಸದಸ್ಯರ ನಗು” ಅಂತ ನಮೂದಿಸಿರ್ತಾರೆ.’

‘ಅದನ್ನೂ ಸೇರಿಸ್ಕೊಳ್ಳಿ. ನಗ್ಸಿದ್ದು ನಾನೇ ತಾನೆ?’

ವಾಪಸ್ ಕರೆಸುವ ಹಕ್ಕು

ಮೂರು ಪುಟಕ್ಕೆ ಟಿಕೆಟ್ ಕೊಡುವುದಿಲ್ಲ ಎಂದು ಪಕ್ಷದ ಕಚೇರಿ ಹೇಳಿತು. ಅದೃಷ್ಟಕ್ಕೆ ಸಂವಿಧಾನದ ಮೇಲೆ ವಿಶೇಷ ಚರ್ಚೆ ಬಂತು. ನಾನು ಒಂದು ಸುಧಾರಣೆ ಸೂಚಿಸಿದೆ: ಕೆಲಸ ಮಾಡದ ಪ್ರತಿನಿಧಿಯನ್ನು ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಳ್ಳುವ ಹಕ್ಕು ಮತದಾರರಿಗೆ ಇರಬೇಕು.

ಸಾಹೇಬರು ಬಾಗಿಲು ಹಾಕಿಸಿ ಕೇಳಿದರು. ‘ಇದು ಜಾರಿಗೆ ಬಂದ್ಬುಡುತ್ತಾ?’

‘ಇಲ್ಲ ಸಾರ್. ಸಂವಿಧಾನ ತಿದ್ದುಪಡಿ ಡೆಲ್ಲಿಯಲ್ಲಿ ಆಗಬೇಕು. ಸದ್ಯಕ್ಕಂತೂ ಆಗಲ್ಲ.’

‘ಹಂಗಾದ್ರೆ ಜೋರಾಗೇ ಹೇಳ್ತೀನಿ ಬುಡಿ.’

ಜೋರಾಗಿಯೇ ಹೇಳಿದರು. ‘ನಾನು ಕೆಲಸ ಮಾಡದಿದ್ದರೆ ಕಾನೂನು ಬರುವ ತನಕ ಕಾಯಬೇಡಿ. ಒಂದು ಹಾಳೆ ತಗೊಳ್ಳಿ, ಸಹಿ ಹಾಕಿ, ನನ್ನನ್ನು ಮನೆಗೆ ಕಳಿಸಿ!’ ಕಣ್ಣಲ್ಲಿ ನೀರೂ ಬಂತು. ಅದನ್ನು ನಾನು ಬರೆದಿರಲಿಲ್ಲ.

ಆ ತುಣುಕು ಎಲ್ಲರ ಮೊಬೈಲಿಗೂ ಹೋಯಿತು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುತ್ತಿದ್ದಾಗ, ಶಾಂತಿಗ್ರಾಮದ ಹತ್ತಿರ ಮುಂದಿನ ಸೀಟಿನ ಇಬ್ಬರು ಅದನ್ನೇ ನೋಡುತ್ತಿದ್ದರು.

‘ಲೇ, ಇವ್ರು ನಮ್ ಸಾಹೇಬ್ರಲ್ವೇನ್ಲಾ? ಇಂಗೆಲ್ಲಾ ಮಾತಾಡ್ತಾರಾ?’

‘ಮಕ ಅವ್ರ್ದೇ ಕಣ್ಲಾ. ದನಿ ಬ್ಯಾರೆ ಯಾರ್ದೋ ಸೇರ್ಸವ್ರೆ.’

ಎಡ ಅಂಚಿನ ಬರಹ

ಭಾಷಣ ಮೆಚ್ಚಿದ ಪಕ್ಷದ ಅಧ್ಯಕ್ಷರು ಟಿಕೆಟ್ ಬಹುತೇಕ ಖಾತ್ರಿ ಎಂದು ತಿಳಿಸಿದರು. ಪಟ್ಟಿ ಬರಲು ಒಂದು ವಾರವಿತ್ತು.

ನಮ್ಮ ಕಡೆ ಯಾರಿಗೆ ಬರೆದ ಅರ್ಜಿಯಾದರೂ ಮೊದಲು ಶಾಸಕರ ಮನೆಗೆ ಬರುತ್ತದೆ. ಅವರು ಎಡ ಅಂಚಿನಲ್ಲಿ ‘ಪರಿಶೀಲಿಸಿ ಕೂಡಲೇ ಕ್ರಮ ಕೈಗೊಳ್ಳುವುದು’ ಎಂದು ಹಸಿರು ಇಂಕಿನಲ್ಲಿ ಬರೆದು ಸಹಿ ಹಾಕಿ ಸೀಲು ಒತ್ತದ ಹೊರತು ಅದಕ್ಕೆ ಜೀವ ಬರುವುದಿಲ್ಲ ಎಂದು ಜನರ ನಂಬಿಕೆ. ಸಾಹೇಬರು ಯಾರಿಗೂ ಇಲ್ಲ ಎಂದವರಲ್ಲ; ಅರ್ಜಿ ಓದುವ ದುರಭ್ಯಾಸವನ್ನೂ ಇಟ್ಟುಕೊಂಡವರಲ್ಲ.

ಆ ವಾರ ಒಬ್ಬ ಹಿರಿಯ ಗೌಡರು ನಾಲ್ಕು ಜನರೊಂದಿಗೆ ಬಂದರು. ಸಾಹೇಬರು ಫೋನಿನಲ್ಲಿದ್ದವರು ಕಿವಿಯಿಂದ ತುಸು ಸರಿಸಿ, ‘ಏನ್ ಗೌಡ್ರೇ?’ ಎಂದರು.

‘ಒಂದ್ ಅರ್ಜಿ ಸಾ. ತಮ್ಮ ಪಕ್ಸದ ಆಪೀಸಿಗೆ. ತಾವು ಸದನ್ದಾಗೆ ಯೋಳುದ್ರಲ್ಲಾ, ಆಳೆ ಮ್ಯಾಲೆ ಸೈನ್ ಆಕಿ ಅಂತ, ಅದೇಯ. ಊರೋರೆಲ್ಲಾ ಆಕವ್ರೆ.’

‘ನೋಡಿ ಮೇಷ್ಟ್ರೇ, ನಮ್ಮ ಸುಧಾರಣೆಗೆ ಜನ ಹೆಂಗೆ ಬೆಂಬಲ ಕೊಡ್ತಾವ್ರೆ!’ ಎಂದು ಸಾಹೇಬರು ಅಂಚಿನಲ್ಲಿ ಬರೆದರು, ಸಹಿ ಮಾಡಿದರು, ಸೀಲು ಒತ್ತಿದರು. ಗೌಡರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಾಫಿ ಕುಡಿದು, ಕೈಮುಗಿದು ಹೋದರು.

ನಾಲ್ಕು ದಿನಕ್ಕೆ ಪಕ್ಷದ ಅಧ್ಯಕ್ಷರ ಫೋನ್. ‘ಒಂದು ಊರಿನವರು ಬರೆದಿದ್ದಾರೆ. “ನಮ್ಮ ಶಾಸಕರೇ ಹೇಳಿದಂತೆ ಅವರನ್ನು ಮನೆಗೆ ಕಳಿಸಲು ಒಪ್ಪಿದ್ದೇವೆ. ಈ ಸಲ ಅವರಿಗೆ ಟಿಕೆಟ್ ಬೇಡ.” ಅಂಚಿನಲ್ಲಿರೋ ಸಹಿ ನಿಮ್ಮದೇನ್ರಿ?’

‘ಸಹಿ ನಂದೇ ಸಾರ್, ಆದ್ರೆ...’

‘ಸೀಲು?’

‘ಅದೂ ನಂದೇ.’

ಪಟ್ಟಿಯಲ್ಲಿ ಸಾಹೇಬರ ಹೆಸರಿರಲಿಲ್ಲ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಗೌಡರು ಓಡೋಡಿ ಬಂದರು. ಬಂದವರೇ ಸಾಹೇಬರ ಕೈ ಹಿಡಿದುಕೊಂಡರು. ಅವರ ಮುಖದಲ್ಲಿದ್ದದ್ದು ನಿಜವಾದ ಸಂಕಟ.

‘ತಪ್ಪು ತಿಳೀಬ್ಯಾಡಿ ಸಾ. ಬಸ್ಸು ಬುಡ್ಸಿ ಅಂತ ತಮ್ಮ ಸೈನ್ ಆಕ್ಸಿ ಕೊಟ್ಟೊ, ಆಗ್ನಿಲ್ಲ. ಸ್ಕೂಲಿಗೆ ಎಂಚು ಒದ್ಸಿ ಅಂತ ಆಕ್ಸಿ ಕೊಟ್ಟೊ, ಆಗ್ನಿಲ್ಲ. ಕರೆಂಟಿನ ಟ್ರಾನ್ಸ್‌ಪಾರಂ ಸುಟ್ಟೋದಾಗ್ಲೂ ಆಕ್ಸಿ ಕೊಟ್ಟೊ, ಆಗ್ನಿಲ್ಲ. ತಮ್ಮ ಸೈನ್ ಬಿದ್ ಮ್ಯಾಕೆ ಇದೂ ಆಗಾಕಿಲ್ಲ ಅಂತ ಧೈರ್ಯವಾಗಿದ್ದೊ ಸಾ!’